ಕಣ್ಣು ಕಾಣದವ್ರಿಗೂ ಜಾತ್ರಿ ನಾಟಕದಾಗ ಪಾತ್ರ ಕೊಡ್ರಿ: ತಾಲೀಮಿನಿಂದ ಹಿಡಿದು ಆಯೇರಿ ತನಕ ಏನೇನು ಮಾಡ್ಬೇಕು

ನಮ್ಮ ಕೊಪ್ಪಳ, ಗಂಗಾವತಿ, ಸಿಂಧನೂರು ಕಡೆ ಜಾತ್ರಿ ಅಂದ್ರ ನಾಟಕ ಇರ್ಲೇಬೇಕು. ತೇರು ಎಳೆದ ರಾತ್ರಿ, ಇಲ್ಲಾ ಮರುದಿನ, ಊರ ಹುಡುಗ್ರೆಲ್ಲ ಸೇರಿ ಒಂದು ಸಾಮಾಜಿಕ ನಾಟಕ, ಬಳ್ಳಾರಿ ಕಡೆ ಹೋದ್ರ ದೊಡ್ಡಾಟ. ಆ ಊರಾಗ ಕಣ್ಣು ಕಾಣದ ಹುಡುಗ ಒಬ್ಬ ಇದ್ದ ಅಂದ್ರ ಅವ್ನ ಪಾಲಿಗೆ ಬರೋದು ಏನು ಹೇಳ್ರಿ? ಶುರುವಿನ್ಯಾಗ ಒಂದು ಪ್ರಾರ್ಥನಾ ಗೀತೆ. ಹಾಡಿಸ್ತಾರ, ಶಾಲು ಹೊದಿಸ್ತಾರ, ಕೈ ಹಿಡಿದು ಕೆಳಗಿಳಿಸಿ ಕುರ್ಚಿ ಮ್ಯಾಲೆ ಕುಂದ್ರಿಸ್ತಾರ, ಮುಗೀತು. ಅವಂಗ ಹಾಡಾಕ ಬರ್ತೈತೋ ಇಲ್ಲೋ ಅಂತ ಕೇಳೋರೂ ಕಡಿಮಿ, ಕಣ್ಣಿಲ್ಲ ಅಂದ್ರ ಹಾಡು ಬಂದ ಬರ್ತೈತಿ ಅಂತ ನಮ್ಮ ಮಂದಿ ಲೆಕ್ಕ.

ನಾನು ಹೇಳೋದು ಇಷ್ಟ. ಅವ್ರಿಗೆ ಪಾತ್ರ ಕೊಡ್ರಿ, ಮಾತಿರೋ ಪಾತ್ರ, ಸಿಟ್ಟಾಗೋ ಪಾತ್ರ, ಮಂದಿ ಬೈಯೋ ಖಳನಾಯಕ ಆದ್ರೂ ಅಡ್ಡಿಲ್ಲ, ಹಾಸ್ಯ ಆದ್ರಂತೂ ಭಾಳ ಚೊಲೋ. ಕುರುಡನ ಪಾತ್ರ ಇದ್ರ ಅವಂಗ ಕೊಡೋಣ ಅನ್ನೋದು ಒಂದು ಸಲ ಸರಿ, ಪ್ರತಿ ಸಲ ಅದ ಕೊಟ್ರ ಪ್ರಾರ್ಥನಾ ಗೀತೆಗೂ ಅದಕ್ಕೂ ಏನು ಫರಕು ಉಳಿಯಂಗಿಲ್ಲ. ಇದಕ್ಕ ಖರ್ಚು ಭಾಳ ಇಲ್ಲ, ಸ್ಟೇಜನ್ನ ಕಣ್ಣಿನ ಬದ್ಲಿ ಕಾಲಿಗೂ ಕಿವಿಗೂ ತಿಳಿಯೋ ಹಂಗ ಕಟ್ಟಬೇಕು, ಅದನ್ನ ಹೆಂಗ ಮಾಡೋದು ಅಂತ ನನಗ ಗೊತ್ತಿದ್ದಷ್ಟು ಕೆಳಗ ಬರ್ದೀನಿ.

ಇದು ಹೊಸಾ ವಿಚಾರ ಅಂತ ಯಾರಾದ್ರೂ ಅಂದ್ರ ಅವ್ರಿಗೆ ಗದಗ ತೋರಿಸ್ರಿ, ಕೊಪ್ಪಳದಿಂದ ಏನು ಭಾಳ ದೂರ ಇಲ್ಲ. ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳಿಗೂ ಕಣ್ಣು ಇರ್ಲಿಲ್ಲ, ಅವ್ರ ಶಿಷ್ಯರು ಪುಟ್ಟರಾಜ ಗವಾಯಿಗಳಿಗೂ ಇರ್ಲಿಲ್ಲ. 1914ರಾಗ ಹುಟ್ಟಿ 2010ರ ತನಕ ಇದ್ದ ಪುಟ್ಟರಾಜರು ಅಂದ್ರ ನಮ್ಮ ಮಂದಿಗೆ ಸಂಗೀತ ಅಷ್ಟ ನೆನಪಾಗ್ತೈತಿ, ಆದ್ರ ಅವ್ರು ನಾಟಕ ಬರ್ದೋರು, ನಾಟಕ ಕಂಪನಿ ಕಟ್ಟಿ ಊರೂರು ಕ್ಯಾಂಪ್ ಮಾಡಿ ಅದ್ರ ರೊಕ್ಕದಾಗ ಆಶ್ರಮದ ಮಕ್ಕಳಿಗೆ ಅನ್ನ ಹಾಕಿದೋರು. ಕಂಪನಿ ನಾಟಕ ಅನ್ನೋದು ನಮ್ಮ ಕಡೆ ಬೆಳೆದದ್ದರಾಗ ಕಣ್ಣು ಕಾಣದವ್ರ ಕೈನೂ ಐತಿ. ಆ ಕಡೆ ಕೋಲ್ಕತ್ತಾದಾಗ ಬ್ಲೈಂಡ್ ಒಪೇರಾ ಅನ್ನೋ ತಂಡ ಕಣ್ಣು ಕಾಣದ ಕಲಾವಿದರನ್ನ ಇಟ್ಕೊಂಡ ನಾಟಕ ಆಡೇತಿ. ಹಂಗಾಗಿ ಆಗ್ತೈತೋ ಇಲ್ಲೋ ಅನ್ನೋ ಚರ್ಚಿ ಬಿಟ್ಟು ಹೆಂಗ ಅನ್ನೋದಕ್ಕ ಬರೋಣ.

ಯಾರನ್ನ ಕರೀಬೇಕು

ನಿಮ್ಮ ಊರಾಗ ಯಾರೂ ಇಲ್ಲ ಅನ್ನಿಸಿದ್ರ ಗ್ರಾಮ ಪಂಚಾಯ್ತಿಗೆ ಹೋಗಿ ವಿಆರ್‌ಡಬ್ಲ್ಯು, ಅಂದ್ರ ಅಂಗವಿಕಲರ ಕೆಲಸ ನೋಡೋ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಯಾರು ಅಂತ ಕೇಳ್ರಿ, ತಾಲೂಕಿನ್ಯಾಗ ಆದ್ರ ಎಂಆರ್‌ಡಬ್ಲ್ಯು, ಅಂದ್ರ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಅಂಗವಿಕಲರ ಪಿಂಚಣಿ, ಯುಡಿಐಡಿ ಅನ್ನೋ ಅಂಗವಿಕಲರ ಗುರುತಿನ ಕಾರ್ಡು ಎಲ್ಲಾ ಓಡಾಡಿ ಮಾಡಿಸೋರು ಇವ್ರ, ಯಾವ ಓಣಿಯಾಗ ಯಾರದಾರ ಅಂತ ಇವ್ರಿಗೆ ಬಾಯಾಗ ಇರ್ತೈತಿ. ಮನ್ಯಾಗ ಕುಂತ ಹೆಣ್ಮಕ್ಕಳ ಹೆಸ್ರಂತೂ ಇವ್ರ ಕಡೆಯಿಂದನ ಹೊರಗ ಬರ್ಬೇಕು.

ಮನಿಗೆ ಹೋದಾಗ ಒಂದು ನಡಾವಳಿ ಐತಿ, ಹುಡುಗ ಎದುರಿಗೆ ಕುಂತಿರ್ತಾನ, ನಾವು ಅವ್ರವ್ವಗ ಕೇಳ್ತೀವಿ, "ಯವ್ವಾ, ನಿಮ್ಮ ಹುಡುಗ ನಾಟಕ ಮಾಡ್ತಾನೇನು?" ಅಂತ. ಹುಡುಗಂಗ ಕಣ್ಣು ಕಾಣಂಗಿಲ್ಲ ಅಷ್ಟ, ಬಾಯಿ ಐತಿ, ಅವಂಗ ಕೇಳ್ರಿ. ಅವ್ವ ಮಾತ್ರ ಅಂದ ಅಂತಾಳ, "ಬ್ಯಾಡ್ರೀ ಮಾಸ್ತರ, ಎಲ್ಲೆರ ಬಿದ್ದಗಿದ್ದಾನು." ಆ ಹೆದ್ರಿಕಿ ಸುಳ್ಳಲ್ಲ, ನಮ್ಮ ಜಾತ್ರಿ ಸ್ಟೇಜು ನೋಡಿದ್ರ ಕಣ್ಣಿದ್ದವ್ರಿಗೂ ಹೆದ್ರಿಕಿ ಆಗ್ತೈತಿ. ಬಾಯಾಗ ಸಮಾಧಾನ ಹೇಳೋದಕ್ಕಿಂತ ಅವ್ವನ್ನೂ ಒಂದು ದಿನ ತಾಲೀಮಿಗೆ ಕರ್ಕೊಂಡು ಬಂದು ಹಗ್ಗ ಹಾಕಿದ್ದು ತೋರಿಸ್ರಿ. ಹಗ್ಗದ ವಿಷ್ಯ ಮುಂದ ಹೇಳ್ತೀನಿ.

ಇನ್ನೊಂದು, ಕಣ್ಣು ಕಾಣಂಗಿಲ್ಲ ಅಂದ್ರ ಎಲ್ಲಾರಿಗೂ ಕತ್ತಲ ಅಂತ ತಿಳ್ಕೋಬ್ಯಾಡ್ರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆದಾಗ ಅಂಧತ್ವ ಬ್ಯಾರೆ, ಮಂದದೃಷ್ಟಿ ಬ್ಯಾರೆ. ಕನ್ನಡಕ ಹಾಕಿದ ಮ್ಯಾಲೂ, ಚೊಲೋ ಇರೋ ಕಣ್ಣಿನ್ಯಾಗ ದೃಷ್ಟಿ 3/60ಕ್ಕಿಂತ ಕಡಿಮಿ ಇದ್ರ ಅಂಧತ್ವ, ಅಂದ್ರ ಬ್ಯಾರೆಯವ್ರಿಗೆ 60 ಮೀಟರ್ ದೂರದಿಂದ ಕಾಣೋದು ಇವ್ರಿಗೆ 3 ಮೀಟರ್‌ನಿಂದಾನೂ ಕಾಣಂಗಿಲ್ಲ. 6/18ರಿಂದ 3/60ರ ನಡುವ ಇದ್ರ ಮಂದದೃಷ್ಟಿ. ಕೆಲವ್ರಿಗೆ ನಡುವ ಅಷ್ಟ ಕಾಣ್ತೈತಿ, ಮಗ್ಗಲು ಕಾಣಂಗಿಲ್ಲ, ಕೊಳವಿಯಾಗ ನೋಡಿದಂಗ. ನಾಟಕದೋರು ಭಾಳ ಲಕ್ಷ್ಯ ಕೊಡ್ಬೇಕಾದ್ದು ರಾತ್ರಿ ಕುರುಡು ಇರೋರಿಗೆ. ಹಗಲ ಹೊತ್ತು ಶಾಲಿ ವರಾಂಡದಾಗ ತಾಲೀಮು ಮಾಡುವಾಗ ಎಲ್ಲಾರಂಗ ಓಡಾಡ್ತಾರ, ನಿಮಗ ಅನುಮಾನಾನೂ ಬರಂಗಿಲ್ಲ, ಜಾತ್ರಿ ರಾತ್ರಿ ಎಲ್‌ಇಡಿ ಫೋಕಸ್ ಮುಖಕ್ಕ ಹೊಡದು ಮಗ್ಗಲದಾಗ ಕತ್ತಲು ಆತಂದ್ರ ಒಂದು ಹೆಜ್ಜಿನೂ ಇಡಾಕ ಆಗಂಗಿಲ್ಲ. ಅದಕ್ಕ ಮೊದ್ಲ ದಿನಾನ ನೇರ ಕೇಳ್ರಿ: ತಮ್ಮಾ, ರಾತ್ರಿ ಹೆಂಗ ಕಾಣ್ತೈತಿ, ಬೆಳಕು ಕಣ್ಣಿಗೆ ಹೊಡದ್ರ ಹೆಂಗ, ಯಾವ ಬಣ್ಣ ತಿಳೀತೈತಿ. ಕೇಳಿದ್ರ ಯಾರೂ ಬ್ಯಾಸ್ರ ಮಾಡ್ಕೊಳ್ಳಂಗಿಲ್ಲ, ಕೇಳ್ದ ತಾವ ಊಹಿಸ್ಕೊಂಡ್ರ ಸಿಟ್ಟು ಬರ್ತೈತಿ.

ಪಾರ್ಟು ಹೆಂಗ ಕೊಡೋದು

ನಮ್ಮ ಕಡೆ ನಾಟಕದ ಪುಸ್ತಕ ಒಂದ ಇರ್ತೈತಿ, ಅದನ್ನ ನೋಡಿ ಎಲ್ಲಾರೂ ತಮ್ಮ ತಮ್ಮ ಪಾರ್ಟು ಬರ್ಕೋತಾರ. ಕಣ್ಣು ಕಾಣದವ್ರಿಗೆ ಅದನ್ನ ಆಡಿಯೋ ಮಾಡಿ ಕೊಡ್ರಿ. ಆದ್ರ ಮಾಸ್ತರ್ ತಾವ ಅಭಿನಯ ಮಾಡಿ ರೆಕಾರ್ಡ್ ಮಾಡಿದ್ರಂದ್ರ ಕೆಟ್ಟ ಹೋಗ್ತೈತಿ, ಹುಡುಗ ಅದ ಏರಿಳಿತ ಕಲ್ತು ಬಿಡ್ತಾನ, ಆಮ್ಯಾಲೆ ಅವ್ನ ಬಾಯಾಗ ಮಾಸ್ತರ್‌ನ ದನಿ ಕೇಳಿಸ್ತೈತಿ, ಬಿಡಿಸಾಕ ಆಗಂಗಿಲ್ಲ. ಸಪಾಟಾಗಿ ಓದ್ರಿ, ಸುದ್ದಿ ಓದಿದಂಗ. ಒಂದು ಪ್ರವೇಶಕ್ಕ ಒಂದು ಫೈಲು, ಶುರುವಿಗೆ ಬಾಯಿಲೆ ಹೇಳ್ರಿ "ಎರಡನೇ ಅಂಕ, ಮೂರನೇ ಪ್ರವೇಶ" ಅಂತ, ಯಾಕಂದ್ರ ವಾಟ್ಸಾಪ್‌ನ್ಯಾಗ ವಾಯ್ಸ್ ಮೆಸೇಜ್ ಸಾಲಾಗಿ ಬಿದ್ದಿರ್ತಾವ, ಯಾವುದು ಯಾವ್ದಂತ ತಿಳಿಯಂಗಿಲ್ಲ. ಎದುರಿನವ್ನ ಕೊನೀ ಮಾತು ಓದಿ, ಆಮ್ಯಾಲೆ ಇವ್ನ ಮಾತು ಹೇಳೋವಷ್ಟು ಹೊತ್ತು ಸುಮ್ನಿದ್ದು, ಆಮ್ಯಾಲೆ ಸರಿ ಮಾತು ಓದಿದ ಇನ್ನೊಂದು ಫೈಲು ಮಾಡಿ ಕೊಟ್ರ ಮನ್ಯಾಗ ಒಬ್ಬನ ಕುಂತು ತಾಲೀಮು ಮಾಡ್ಕೋತಾನ.

ಫೋನಿನ್ಯಾಗ ಟಾಕ್‌ಬ್ಯಾಕ್, ಅಂದ್ರ ಸ್ಕ್ರೀನ್ ಮ್ಯಾಲಿಂದನ್ನ ದನಿಲೆ ಓದಿ ಹೇಳೋದು, ಇಟ್ಕೊಂಡು ಓದೋರಿಗೆ ಟೈಪ್ ಮಾಡಿದ್ದನ್ನ ಕೊಡ್ಬಹುದು, ಇಲ್ಲೆ ಎಲ್ಲಾರೂ ಎಡವೋ ಜಾಗ ಒಂದೈತಿ. ಡಿಟಿಪಿ ಅಂಗಡಿಯವ್ರು ಹಳೇ ನುಡಿ ಫಾಂಟಿನ್ಯಾಗ ಟೈಪ್ ಮಾಡಿ ಕೊಡ್ತಾರ, ಅದು ಕಣ್ಣಿಗೆ ಕನ್ನಡ, ಒಳಗ ಇಂಗ್ಲಿಷ್ ಅಕ್ಷರದ ಗೋಜಲು, ಫೋನ್ ಅದನ್ನ ಓದಿದ್ರ ಏನೇನೋ ಒದರ್ತೈತಿ. ಯುನಿಕೋಡ್‌ನ್ಯಾಗ ಕೊಡ್ರಿ ಅಂತ ಹೇಳ್ರಿ, ಹಳೇ ಫೈಲ್ ಇದ್ರ ಯುನಿಕೋಡ್‌ಗೆ ಬದಲಿಸೋ ಸಾಫ್ಟ್‌ವೇರ್ ಅದಾವ. ಪುಸ್ತಕದ ಫೋಟೋ ಹೊಡದು ಕಳ್ಸೋದು ಉಪಯೋಗ ಇಲ್ಲ, ಚೊಲೋ ಪ್ರಿಂಟ್ ಇದ್ರ ಗೂಗಲ್ ಲೆನ್ಸ್ ಅಷ್ಟಿಷ್ಟು ಓದ್ತೈತಿ, ಕೈಬರಹ ಆದ್ರ ಮುಗೀತು.

ಬ್ರೈಲ್ ಬೇಕೇನಂತ ಕೇಳ್ರಿ, ಬೇಕಾಗ್ತೈತಿ ಅಂತ ಗ್ಯಾರಂಟಿ ಇಲ್ಲ. ಅಂಧರ ಶಾಲಿಯಾಗ ಓದಿದವ್ರಿಗೆ ಬರ್ತೈತಿ, ದೊಡ್ಡವ್ರಾದ ಮ್ಯಾಲೆ ಕಣ್ಣು ಹೋದವ್ರಿಗೆ ಬಹುತೇಕ ಬರಂಗಿಲ್ಲ.

ಇನ್ನ ಪ್ರಾಂಪ್ಟರ್. ಸೈಡ್ ವಿಂಗಿನ್ಯಾಗ ಕುಂತು ಪುಸ್ತಕ ಹಿಡಿದು ಮಾತು ಹೇಳಿ ಕೊಡೋ ಪದ್ಧತಿ ನಮ್ಮಲ್ಲಿ ಇದ್ದ ಐತಿ, ಅದು ಕಿವಿ ಕೆಲಸ, ಅದಕ್ಕ ಕಣ್ಣು ಬ್ಯಾಡ. ನಿಜ ಹೇಳ್ಬೇಕಂದ್ರ ಕಣ್ಣು ಕಾಣದ ಹುಡುಗ್ರಿಗೆ ಪ್ರಾಂಪ್ಟರ್ ಕಡಿಮಿ ಬೇಕಾಗ್ತಾನ, ರೊಕ್ಕ ಕೊಟ್ಟು ನಾಯಕನ ಪಾತ್ರ ತಗೊಂಡವ್ರಿಗೆ ಜಾಸ್ತಿ ಬೇಕಾಗ್ತಾನ.

ಸ್ಟೇಜು: ಕಾಲಿಗೆ ತಿಳಿಯೋ ಹಂಗ

ಎಲ್ಲಾರೂ ಮೊದ್ಲು ಹೇಳೋದು ಹೆಜ್ಜಿ ಎಣಿಸಿ ಕಲಿಸೋಣ ಅಂತ. ಅದೊಂದನ್ನ ನಂಬಬ್ಯಾಡ್ರಿ. ತಾಲೀಮಿನ್ಯಾಗ ಲುಂಗಿ ಉಟ್ಕೊಂಡು ಐದು ಹೆಜ್ಜಿಗೆ ಮುಟ್ಟಿದ ಜಾಗ, ನಾಟಕದ ದಿನ ಸಿಟ್ಟಿನ ದೃಶ್ಯದಾಗ ನಾಕ ಹೆಜ್ಜಿಗೆ ಬಂದು ಬಿಡ್ತೈತಿ, ಸೀರಿ ಉಟ್ಟವ್ರಿಗೆ ಏಳು ಆಗ್ತೈತಿ. ಮನಸ್ಸು ಪಾತ್ರದಾಗ ಇರ್ಬೇಕು, ಎಣಿಕಿಯಾಗ ಅಲ್ಲ.

ಹಗ್ಗ ಹಾಕ್ರಿ. ಕಿರುಬೆರಳಿಗಿಂತ ಸಣ್ಣ ನೈಲಾನ್ ಹಗ್ಗ, ಹಾರ್ಡ್‌ವೇರ್ ಅಂಗಡಿಯಾಗ ಸಿಗ್ತೈತಿ. ಸ್ಟೇಜಿನ ಮುಂದಿನ ಅಂಚಿನಿಂದ ಮೂರು ಅಡಿ ಹಿಂದ, ಎಡದಿಂದ ಬಲಕ್ಕ ಅಡ್ಡ ಒಂದು ಎಳೆದು ಹಲಗಿಗೆ ಟೇಪ್ ಹಚ್ಚಿ ಕೂಡಿಸ್ರಿ, ಮೊಳಿ ಹೊಡೀಬ್ಯಾಡ್ರಿ. ಇನ್ನೊಂದು ಹಗ್ಗ ಹಿಂದಿನ ಪರದೆಯಿಂದ ಮುಂದಕ್ಕ, ನಡುವ. ಎರಡೂ ಕೂಡೋ ಜಾಗಾನ ಸ್ಟೇಜಿನ ಮುಂದಿನ ನಡುಮಧ್ಯ. ಅದ್ರ ಮ್ಯಾಲೆ ಜಮಖಾನಿ ಬಿಗಿಯಾಗಿ ಹಾಸ್ರಿ. ನೋಡೋರಿಗೆ ಏನೂ ಕಾಣಂಗಿಲ್ಲ, ಕಾಲಿಗೆ ಮಾತ್ರ ಸ್ಪಷ್ಟ ತಿಳೀತೈತಿ. ಕಣ್ಣು ಕಾಣದವ್ರು ಆಡೋ ಗೋಲ್‌ಬಾಲ್ ಆಟದಾಗ, ಪ್ಯಾರಾಲಿಂಪಿಕ್ಸ್‌ನ್ಯಾಗೂ ಆಡ್ತಾರಲ್ಲ ಅದು, ಅಂಗಳದ ಗೆರಿ ಎಲ್ಲಾ ಹಿಂಗ ಟೇಪಿನ ಕೆಳಗ ದಾರ ಹಾಕಿ ಮಾಡಿರ್ತಾರ.

ಕುಷ್ಟಗಿ ಕಡೆಯ ಒಬ್ಬ ಹುಡುಗ ಸಾಹುಕಾರನ ಪಾತ್ರ ಮಾಡುವಾಗ ಇದನ್ನ ಹತ್ರದಿಂದ ನೋಡೀನಿ. ಮೊದ್ಲ ದಿನ ಹಗ್ಗ ಸಿಕ್ಕ ಕೂಡ್ಲೇ ನಿಂತು, ತಲಿ ಕೆಳಗ ಹಾಕಿ, ಹೆಬ್ಬೆರಳಿಂದ ಅದನ್ನ ಎಡಕ್ಕ ಬಲಕ್ಕ ಸವರಿ ನೋಡ್ತಿದ್ದ. ನಾಟಕ ಹತ್ರ ಬಂದಂಗ ಅದ ಹಗ್ಗ ಅವ್ನ ನಟನೆ ಆತು. ಮುಂದ ಬರ್ತಾನ, ಬಲಗಾಲಿನ ಹಿಮ್ಮಡಿ ಹಗ್ಗದ ಮ್ಯಾಲೆ ಇಟ್ಟು ಮುಂಗಾಲು ಎತ್ತಿ ತಾಳ ಹಾಕ್ತಾನ, ಮೀಸಿ ತಿರುವ್ತಾನ, ಆಮ್ಯಾಲೆ ಮಾತು. ಮಂದಿಗೆ ಅದು ಸಾಹುಕಾರನ ಸೊಕ್ಕು ಅಂತ ಕಾಣ್ತಿತ್ತು. ಒಂದ ಅಡಚಣಿ ಬಂದದ್ದು ಚಪ್ಪಲಿದು, ಸಾಹುಕಾರಂಗ ಅಂತ ದಪ್ಪ ತೊಗಲಿನ ಚಪ್ಪಲಿ ತಂದಿದ್ರು, ಅದ್ರಾಗ ಹಗ್ಗ ತಿಳಿಯಂಗಿಲ್ಲ. ತೆಳು ಅಟ್ಟೆಯದು ಹಾಕಿಸಿದ್ವಿ. ಬರಿಗಾಲು ಆದ್ರ ಎಲ್ಲಾಕ್ಕಿಂತ ಚೊಲೋ.

ದಿಕ್ಕು ಹೇಳಾಕ ಗಡಿಯಾರ ಇಟ್ಕೋರಿ. ಮಂದಿ ಕುಂತಿದ್ದು ಆರು ಗಂಟಿ ಕಡೆ, ಹಿಂದಿನ ಪರದೆ ಹನ್ನೆರಡು, ಹಾರ್ಮೋನಿಯಂ ಮಾಸ್ತರ್ ಕುಂತಲ್ಲೆ ಎಂಟು ಅನ್ರಿ. "ನಾಕ್ ಗಂಟಿ ಕಡೆ ಹೊಳ್ಳಿ ಮಾತಾಡು" ಅಂದ್ರ ತಿಳೀತೈತಿ, "ಈ ಕಡೆ ಬಾ, ಹಿಂಗ ಮಾಡು" ಅಂದ್ರ ಏನು ತಿಳೀಬೇಕು? ನಮ್ಮ ನಾಟಕದ ಮಾಸ್ತರ್‌ಗಳ ಬಾಯಿಂದ ಈ "ಹಿಂಗ" ಬಿಡಿಸೋದ ದೊಡ್ಡ ಕೆಲಸ, ಹುಡುಗಂಗ ಕಲ್ಸೋದಕ್ಕಿಂತ ತ್ರಾಸು.

ಕುರ್ಚಿ, ಮೇಜು, ಮಂಚ ಒಂದ್ಸಲ ಇಟ್ಟ ಜಾಗ ಬದಲಿಸಬ್ಯಾಡ್ರಿ, ದೃಶ್ಯ ಬದಲಾಗುವಾಗ ಬದಲಿಸ್ಲೇಬೇಕಂದ್ರ ಜಮಖಾನಿ ಮ್ಯಾಲೆ ಗುರುತು ಮಾಡಿ ಅಲ್ಲೇ ಇಡ್ರಿ, ಮತ್ತ ಯಾರರ ಒಬ್ಬರು ವಿಂಗಿಗೆ ಬಂದು ಬಾಯಿಬಿಟ್ಟು ಹೇಳ್ರಿ. ಸ್ಟೇಜಿನ ಹಿಂದಿನ ಜಾಗ ಇನ್ನೂ ಕೆಟ್ಟ, ಅಲ್ಲೆ ಜನರೇಟರ್ ವೈರು, ಬಣ್ಣದ ಪೆಟ್ಟಿಗಿ, ಪೆಂಡಾಲ್ ಹಗ್ಗ, ಮೊಳಿ ಇರೋ ಹಲಗಿ. ಬಣ್ಣದ ಕೋಣಿಯಿಂದ ವಿಂಗ್ ತನಕ ಒಂದು ದಾರಿ ಖಾಲಿ ಮಾಡಿ ಸೊಂಟದ ಎತ್ತರಕ್ಕ ಒಂದು ಹಗ್ಗ ಕಟ್ರಿ, ಹಿಡ್ಕೊಂಡು ತಾವ ಬರ್ತಾರ. ಬಳ್ಳಾರಿ ರಾಘವ ಕಲಾಮಂದಿರ, ಜೋಳದರಾಶಿ ದೊಡ್ಡನಗೌಡ ರಂಗಮಂದಿರ, ರಾಯಚೂರಿನ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರ, ಇಂಥಾ ಹಾಲ್‌ನ್ಯಾಗ ಆಡೋದಿದ್ರ ಹಿಂದಿನ ದಿನಾನ ಹೋಗಿ ಸ್ಟೇಜಿನ ನಾಕೂ ಮೂಲಿ ನಡೆದು ಮುಟ್ಟಿ ನೋಡಾಕ ಟೈಮ್ ಇಸ್ಕೋರಿ, ನಾಟಕದ ದಿನ ಸಂಜಿ ಆ ಗದ್ಲದಾಗ ಆಗಂಗಿಲ್ಲ.

ಸೌಂಡ್ ಬಾಕ್ಸ್ ಅನ್ನೋ ತಲಿನೋವು

ಇದನ್ನ ಯಾರೂ ಮೊದ್ಲ ಹೇಳಂಗಿಲ್ಲ, ಅದಕ್ಕ ಜರಾ ವಿವರ ಹೇಳ್ತೀನಿ. ತಾಲೀಮಿನ್ಯಾಗ ಮೈಕ್ ಇರಂಗಿಲ್ಲ. ನಾಯಕಿ ಎಲ್ಲೆ ನಿಂತು ಮಾತಾಡಿದ್ಲೋ ಅಲ್ಲಿಂದ ದನಿ ಬರ್ತೈತಿ, ಹುಡುಗ ಅತ್ತ ಹೊಳ್ಳಿ ಮಾತಾಡ್ತಾನ, ನೋಡಾಕ ಕಣ್ಣಿದ್ದವ್ನಂಗ ಇರ್ತೈತಿ. ನಾಟಕದ ದಿನ ಮ್ಯಾಲೆ ತೂಗು ಮೈಕು, ಎರಡೂ ಕಡೆ ಆಳೆತ್ತರದ ಬಾಕ್ಸು. ಈಗ ನಾಯಕಿ ಎಡಕ್ಕ ನಿಂತು ಮಾತಾಡಿದ್ರೂ ದನಿ ಬರೋದು ಬಾಕ್ಸಿನಿಂದ. ಹುಡುಗ ಬಾಕ್ಸಿನ ಕಡೆ ಹೊಳ್ಳಿ "ಏನಂದೀ ಗೌರೀ?" ಅಂತಾನ, ಗೌರಿ ಅವ್ನ ಬೆನ್ನ ಹಿಂದ ನಿಂತಿರ್ತಾಳ, ಮಂದಿ ನಗ್ತಾರ, ಅಳೋ ದೃಶ್ಯ ಹಾಳಾಗ್ತೈತಿ. ತಪ್ಪು ಅವಂದಲ್ಲ, ಕಿವಿ ಸರಿಯಾಗೇ ಕೇಳೇತಿ.

ಇದಕ್ಕ ಮೂರ್ನಾಕು ದಾರಿ ಅದಾವ. ಎದುರಿನ ಪಾತ್ರದವ್ರ ಮೈಮ್ಯಾಲೆ ಮೈಕಿಗೆ ಹೋಗದಷ್ಟು ಸಣ್ಣ ಸಪ್ಪಳ ಇರ್ಲಿ, ಹೆಣ್ಣು ಪಾತ್ರಕ್ಕ ಗಾಜಿನ ಬಳಿ, ಕಾಲಿಗೆ ಗೆಜ್ಜಿ, ಗಂಡಸ್ರಿಗೆ ಕೀಲಿ ಗೊಂಚಲು, ಮುದುಕನ ಪಾತ್ರ ಇದ್ರ ಊರುಗೋಲು. ಮಾತು ಶುರು ಮಾಡೋಕ್ಕಿಂತ ಮೊದ್ಲು ಬಳಿ ಒಂದ್ಸಲ ಅಲ್ಲಾಡಿಸಿದ್ರ ಸಾಕು, ಅವಂಗ ಜಾಗ ಸಿಗ್ತೈತಿ. ಹಲಗಿ ಸ್ಟೇಜ್ ಆದ್ರ ಕಾಲಿಂದ ಒಂದು ಗುದ್ದು, ಅದು ಕಿವಿಗಿಂತ ಮೊದ್ಲು ಅಂಗಾಲಿಗೆ ತಿಳೀತೈತಿ. ಬಾಕ್ಸನ್ನ ಸ್ಟೇಜಿನ ಅಂಚಿನಿಂದ ಆದಷ್ಟು ಮುಂದ, ಮಂದಿ ಕಡೆ ಮುಖ ಮಾಡಿ ಇಡಿಸ್ರಿ, ಸ್ಟೇಜಿಗೆ ಹೊಳ್ಳಿಸಿದ ಬಾಕ್ಸಿನ ದನಿ ಇಳಿಸ್ರಿ. ಸೌಂಡ್ ಸಿಸ್ಟಮ್‌ನವ್ರು ಕೇಳಂಗಿಲ್ಲ, ಅವ್ರಿಗೆ ಪಕ್ಕದೂರಿಗೆ ಕೇಳಿಸೋದ ಹಿರಿಮಿ, ಅದಕ್ಕ ಅಡ್ವಾನ್ಸ್ ಕೊಡುವಾಗ್ಲೇ ಮಾತು ಮುಗಿಸ್ರಿ. ಎಲ್ಲಾಕ್ಕಿಂತ ಮುಖ್ಯ, ಒಂದು ತಾಲೀಮಾದ್ರೂ ಪೂರ್ತಿ ಮೈಕ್ ಹಚ್ಚಿ, ರಾತ್ರಿ, ಲೈಟ್ ಹಾಕಿ ಮಾಡ್ರಿ. ರಾತ್ರಿ ಕುರುಡು ಇರೋರಿಗೂ ಅವತ್ತ ಗೊತ್ತಾಗ್ತೈತಿ.

ಹಾರ್ಮೋನಿಯಂ ಮತ್ತ ತಬಲಾ ಮಾತ್ರ ಜಾಗ ಬದಲಿಸಬಾರ್ದು. ದೊಡ್ಡಾಟ ಆದ್ರ ಇನ್ನೂ ಸಲೀಸು, ಹಿಮ್ಮೇಳದ ಮದ್ದಲಿ ತಾಳ ಹಿಂದಿನಿಂದ ಬರ್ತಿರ್ತೈತಿ, ಆ ದನಿಗೆ ಬೆನ್ನು ಕೊಟ್ಟು ನಿಂತ್ರ ಮಂದಿ ಎದುರಿಗೆ ಬಂದಂಗ, ಕುಣಿತದ ಹೆಜ್ಜಿನೂ ತಾಳದ ಜೋಡಿನ ಹೋಗ್ತಾವ. ಕಿರೀಟ, ಭುಜಕೀರ್ತಿ ಭಾರ ಇರ್ತಾವ, ಕಿವಿ ಮುಚ್ಚಿದ್ರ ದಿಕ್ಕು ತಪ್ತೈತಿ, ಕಿವಿ ಬಿಟ್ಟು ಕಟ್ರಿ ಅಂತ ಬಣ್ಣದವ್ರಿಗೆ ಹೇಳ್ರಿ.

ಅಭಿನಯ ಕಲಿಸೋದು

ಹುಟ್ಟಾ ಕಣ್ಣಿಲ್ಲದವ್ರು ಬ್ಯಾರೆಯವ್ರ ಹಾವಭಾವ ನೋಡಿರಂಗಿಲ್ಲ. ಮೀಸಿ ತಿರುವೋದು, ಹಣಿ ಬಡ್ಕೊಳ್ಳೋದು, ಬೆರಳು ತೋರ್ಸಿ ಹೆದರ್ಸೋದು ಅವ್ರಿಗೆ ಕೈ ಹಿಡಿದು ಕಲಿಸ್ಬೇಕು. ಮುಟ್ಟೋಕ್ಕಿಂತ ಮೊದ್ಲು ಕೇಳ್ರಿ, "ತಮ್ಮಾ, ಕೈ ಹಿಡ್ಕೊಳ್ಳಲೇನು?" ಅಂತ. ಇನ್ನೂ ಚೊಲೋ ದಾರಿ ಅಂದ್ರ ನೀವು ಮಾಡ್ರಿ, ಅವ್ರು ನಿಮ್ಮ ತೋಳು, ಭುಜದ ಮ್ಯಾಲೆ ಕೈ ಇಟ್ಟು ತಿಳ್ಕೊಳ್ಳಿ. ಹೆಣ್ಮಕ್ಕಳಿದ್ರ ಹೆಣ್ಮಕ್ಕಳ ಕಲಿಸ್ಬೇಕು, ಇದ್ರಾಗ ಚರ್ಚಿ ಬ್ಯಾಡ, ತಂಡದಾಗ ಅಂಥವ್ರಿಲ್ಲಂದ್ರ ಬಣ್ಣದ ಅಕ್ಕನ್ನ ಕರೀರಿ.

ಮುಖದ ಮ್ಯಾಲೆ ಭಾವ ತರ್ಸಾಕ ಗುದ್ದಾಡಬ್ಯಾಡ್ರಿ. ದನಿ ಸರಿ ಬಿದ್ರ ಅರ್ಧ ಮುಖ ತಾನ ಬರ್ತೈತಿ. ಬಾಯಿಪಾಠ ಆದ ಮ್ಯಾಲೆ ಅವ್ರಿಗೆ ಪರಿಸ್ಥಿತಿ ಬಿಡಿಸಿ ಹೇಳ್ರಿ, ಇಲ್ಲೆ ಇವಳು ನಿನ್ನ ಮಗಳು, ಇನ್ನ ಬರಂಗಿಲ್ಲ, ಹೊಂಟು ನಿಂತಾಳ ಅಂತ. ಕಣ್ಣು ಎಲ್ಲೋ ನೋಡ್ತೈತಿ ಅಂತ ಕಮಿಟಿಯವ್ರು ಅಂದ್ರ ಅನ್ಲಿ, ಎದುರಿನವ್ರ ಎದಿ ಮಟ್ಟಕ್ಕ ಮುಖ ಇಟ್ಕೋ ಅಂದ್ರ ದೂರದಿಂದ ನೋಡೋರಿಗೆ ಫರಕು ತಿಳಿಯಂಗಿಲ್ಲ. ಕಪ್ಪು ಕನ್ನಡಕ ಹಾಕಿಸ್ರಿ ಅನ್ನೋರು ಬರ್ತಾರ, ಹುಡುಗ ತಾನ ಬೇಕಂದ್ರ ಹಾಕ್ಲಿ, ನಮ್ಮ ನಾಚಿಕಿಗೆ ಬ್ಯಾಡ.

ಜೋಡಿ ಪಾತ್ರದವ್ರಿಗೂ ಒಂದು ದಿನ ಪಾಠ ಬೇಕು. ಕರ್ಕೊಂಡು ಹೋಗುವಾಗ ಅವ್ರ ಕೈ ಹಿಡಿದು ಎಳೀಬ್ಯಾಡ್ರಿ, ಹಿಂದಿನಿಂದ ದಬ್ಬಬ್ಯಾಡ್ರಿ, ನಿಮ್ಮ ಮೊಳಕೈ ಅವ್ರು ಹಿಡ್ಕೊಳ್ಳಿ, ನೀವು ಅರ್ಧ ಹೆಜ್ಜಿ ಮುಂದ ನಡೀರಿ. ಮೆಟ್ಟಲು ಬಂದ್ರ ನಿಂತು ಹತ್ತೋದೋ ಇಳಿಯೋದೋ ಹೇಳ್ರಿ. ಕುಂದ್ರಸಾಕ ಕುರ್ಚಿ ಬೆನ್ನಿನ ಮ್ಯಾಲೆ ಅವ್ರ ಕೈ ಇಟ್ರ ಸಾಕು. ಎದ್ದು ಹೋಗುವಾಗ "ನಾ ಹೊಂಟೆ" ಅಂತ ಹೇಳಿ ಹೋಗ್ರಿ, ಗಾಳಿ ಜೋಡಿ ಮಾತಾಡೋ ಪರಿಸ್ಥಿತಿ ತರಬ್ಯಾಡ್ರಿ. ಬಿಳಿ ಕೋಲು ತಗೊಂಡು ಹೋಗಿ ಎಲ್ಲೋ ಮೂಲಿಗೆ ಇಟ್ಟು ಬಿಡೋ ಚಾಳಿ ಐತಿ, ಅದು ಅವ್ರ ಕೈಗೆ ಸಿಗೋ ಹಂಗ ಇರ್ಬೇಕು.

ಆ ರಾತ್ರಿ

ಪರದೆ ಬಗ್ಗೆ ಮೊದ್ಲು. ಕಂಪನಿ ಪದ್ಧತಿಯ ಸುತ್ತೋ ಪರದೆಗೆ ಕೆಳಗ ಉದ್ದನ್ನ ಬೊಂಬು ಇರ್ತೈತಿ, ಹಗ್ಗ ಬಿಟ್ಟ ಕೂಡ್ಲೇ ದಡ್ ಅಂತ ಇಳೀತೈತಿ. ಅದ್ರ ಕೆಳಗ ಯಾರಿದ್ರೂ ತಲಿ ಒಡೀತೈತಿ, ಕಣ್ಣಿದ್ದವ್ರು ಸರೀತಾರ, ಇವ್ರಿಗೆ ತಿಳಿಯಂಗಿಲ್ಲ. ಪರದೆ ಎಳಿಯೋನು ಬಿಡೋಕ್ಕಿಂತ ಮೊದ್ಲು ಬೊಂಬಿಗೆ ಎರಡು ಸಲ ಕಟ್‌ಕಟ್ ಬಡೀಲಿ, ಆ ಸಪ್ಪಳ ಕೇಳಿದ್ರ ಎರಡು ಹೆಜ್ಜಿ ಹಿಂದ. ಸ್ಟೇಜ್ ಪ್ರವೇಶಕ್ಕ ವಿಂಗಿನ್ಯಾಗ ಒಬ್ಬ ಹುಡುಗ ಖಾಯಂ ನಿಂದ್ರಲಿ, ಭುಜ ಮುಟ್ಟಿದ್ರ ಹೋಗು ಅಂತ. ಬಂದೂಕಿನ ಪಟಾಕಿ, ಹೊಗೀ ಮಷೀನ್ ಇದ್ರ ಯಾವ ಮಾತಿಗೆ ಅಂತ ಮೊದ್ಲ ಹೇಳ್ರಿ. ಫೈಟಿಂಗ್ ದೃಶ್ಯ ಇಡಬಹುದು, ಯಾಕಿಡಬಾರ್ದು, ಒಬ್ರ ಕೈ ಒಬ್ರು ಬಿಡದಂಗ ಕಟ್ಟಿದ್ರ ಆತು.

ಆಮ್ಯಾಲೆ ಆಯೇರಿ. ನಮ್ಮ ಕಡೆ ನಾಟಕ ಅರ್ಧಕ್ಕ ನಿಲ್ಲಿಸಿ ಗೆಳ್ಯಾರು, ಬೀಗ್ರು ಸ್ಟೇಜ್ ಹತ್ತಿ ಮಾಲಿ ಹಾಕಿ, ಎದಿಗೆ ನೋಟು ಪಿನ್ ಮಾಡೋದು ಇದ್ದದ್ದ. ಕಣ್ಣು ಕಾಣದವ್ನ ಎದಿಗೆ ಒಮ್ಮಿಂದೊಮ್ಮೆ ಯಾರೋ ಬಂದು ಕೈ ಹಾಕಿದ್ರ ಹೆಂಗಾಗ್ಬೇಕು? ಮೈಕ್‌ನ್ಯಾಗ ಹೆಸ್ರು ಕೂಗಿದ ಮ್ಯಾಲೇ ಹತ್ತಿಸ್ರಿ, ಹತ್ತಿದವ್ನು "ಅಣ್ಣಾ, ನಾ ಇಂಥವ, ಮಾಲಿ ಹಾಕ್ತೀನಿ" ಅಂತ ಬಾಯಿಲೆ ಹೇಳ್ಲಿ. ನೋಟು ಪಿನ್ ಬ್ಯಾಡ, ಕೈಯಾಗ ಕೊಡ್ಲಿ, ಎಷ್ಟಂತ ಹೇಳ್ಲಿ. 100ರ ನೋಟಿನ್ಯಾಗ ಉಬ್ಬಿದ ತ್ರಿಕೋನ, 500ರದಾಗ ವೃತ್ತ ಇರ್ತಾವ, ಹೊಸಾ ನೋಟಾದ್ರ ಬೆರಳಿಗೆ ಸಿಗ್ತಾವ, ಜಾತ್ರಿಯ ಮಾಸಿದ ನೋಟಿನ್ಯಾಗ ಏನೂ ಸಿಗಂಗಿಲ್ಲ. ರಿಸರ್ವ್ ಬ್ಯಾಂಕಿನ ಮನಿ (MANI) ಅನ್ನೋ ಆಪ್ 2020ರಿಂದ ಐತಿ, ಕ್ಯಾಮೆರಾ ಹಿಡಿದ್ರ ಎಷ್ಟರ ನೋಟು ಅಂತ ಹೇಳ್ತೈತಿ, ಅದನ್ನ ಅವ್ರ ಫೋನಿಗೆ ಹಾಕಿ ಕೊಡ್ರಿ. ಅನುಕಂಪದ ಆಯೇರಿ ಅನ್ನೋದು ಒಂದು ಜಾತಿ ಐತಿ, ಪಾಪ ಕಣ್ಣಿಲ್ಲ ಅಂತ ಮೈಕ್‌ನ್ಯಾಗ ಒದರಿ ಕೊಡೋದು, ಅದನ್ನ ಅನೌನ್ಸರ್‌ಗೆ ಮೊದ್ಲ ಬಂದ್ ಮಾಡಂತ ಹೇಳ್ರಿ. ಫ್ಲೆಕ್ಸ್‌ನ್ಯಾಗೂ ಹ್ಯಾಂಡ್‌ಬಿಲ್‌ನ್ಯಾಗೂ ಹೆಸ್ರು ಮುಂದ ಪಾತ್ರ ಬರೀರಿ, ಅಂಧ ಕಲಾವಿದ ಅಂತ ಬರೀಬ್ಯಾಡ್ರಿ, ಉಳಿದವ್ರ ಹೆಸ್ರಿನ ಮುಂದ ಅವ್ರ ಕಣ್ಣಿನ ಸುದ್ದಿ ಬರ್ದೀರೇನು?

ನೋಡಾಕ ಬರೋರು

ಸ್ಟೇಜಿನ ಮ್ಯಾಲೆ ಒಬ್ಬರು ಕಣ್ಣು ಕಾಣದವ್ರು ಇದ್ರಂದ್ರ ಕೆಳಗ ಹತ್ತು ಮಂದಿ ಬರ್ತಾರ. ನಮ್ಮ ನಾಟಕ ಮಾತಿನ ನಾಟಕ ಆದ್ರಿಂದ ಮುಕ್ಕಾಲು ಭಾಗ ಕಿವಿಗೇ ಸಿಗ್ತೈತಿ, ತೊಂದ್ರಿ ಬರೋದು ಮಾತಿಲ್ಲದ ಜಾಗದಾಗ. ಇಡೀ ಪೆಂಡಾಲ್ ನಕ್ತು, ಯಾಕ ನಕ್ರು ಅಂತ ಇವ್ರಿಗೆ ತಿಳೀಲಿಲ್ಲ. ಇದಕ್ಕ ಪಕ್ಕದಾಗ ಕುಂತು ಹೇಳೋದನ್ನ ಶಿಸ್ತಾಗಿ ಮಾಡಿದ್ದು 1981ರಾಗ ಅಮೆರಿಕಾದ ವಾಷಿಂಗ್ಟನ್‌ನ ಅರೀನಾ ಸ್ಟೇಜ್ ಅನ್ನೋ ಥೇಟರ್‌ನ್ಯಾಗ, ಕಿವಿಗೆ ಸಣ್ಣ ರಿಸೀವರ್ ಕೊಟ್ಟು. ನಮಗ ರಿಸೀವರ್ ಬ್ಯಾಡ. ನಾಟಕ ಪೂರ್ತಿ ಬಲ್ಲ ಒಬ್ಬ ಹುಡುಗಿನ ಮೂರು ಮಂದಿ ನಡುವ ಕುಂದ್ರಿಸ್ರಿ, ಮೆಲ್ಲಗ ಹೇಳ್ತಾಳ. ಕಾನ್ಫರೆನ್ಸ್ ಕಾಲ್ ಹಚ್ಚಿ ಇಯರ್‌ಫೋನ್‌ನ್ಯಾಗ ಹೇಳ್ಬಹುದು, ಆದ್ರ ಜಾತ್ರಿ ದಿನ ನೆಟ್‌ವರ್ಕ್ ನಂಬೋ ಹಂಗಿಲ್ಲ. ಹೇಳೋರಿಗೆ ನಿಯಮ ಎರಡ: ಪಾತ್ರದ ಮಾತಿನ ಮ್ಯಾಲೆ ಮಾತಾಡಬಾರ್ದು, ಕಂಡದ್ದು ಹೇಳ್ಬೇಕು, ಅರ್ಥ ಹೇಳ್ಬಾರ್ದು. "ಕಾಗದ ಹರದ, ಕಾಲಾಗ ತುಳದ" ಅನ್ನು, "ಭಾಳ ಕೆಟ್ಟವ ಅದಾನ" ಅಂತ ನೀ ಹೇಳಬ್ಯಾಡ, ಅದನ್ನ ಅವ್ರು ತಿಳ್ಕೋತಾರ.

ನಾಟಕ ಶುರು ಆಗೋಕ್ಕಿಂತ ಅರ್ಧ ತಾಸು ಮೊದ್ಲು ಅವ್ರನ್ನ ಸ್ಟೇಜ್ ಮ್ಯಾಲೆ ಕರ್ಕೊಂಡು ಹೋಗಿ ಸಿಂಹಾಸನ, ಕತ್ತಿ, ಕಿರೀಟ ಮುಟ್ಟಿಸ್ರಿ, ಪಾತ್ರದವ್ರು ಒಬ್ಬೊಬ್ರ ತಮ್ಮ ಹೆಸ್ರು ಹೇಳಿ ನಾಟಕದ ದನಿಯಾಗ ಒಂದು ಮಾತು ಆಡ್ಲಿ, ಆಮ್ಯಾಲೆ ದನಿ ಗುರ್ತು ಹಿಡೀತಾರ. ಕೊಪ್ಪಳ ಕಡೆ ತೊಗಲುಗೊಂಬಿ ಆಟ ಇನ್ನೂ ಐತಿ, 2025ರಾಗ ಪದ್ಮಶ್ರೀ ಬಂದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ನಮ್ಮ ಜಿಲ್ಲಾದವ್ರ. ಅದು ನೆರಳಿನ ಆಟ, ಕಣ್ಣು ಕಾಣದವ್ರಿಗೆ ಏನು ಅಂತ ಅನ್ಸಬಹುದು, ಆದ್ರ ಗೊಂಬಿ ಮೈತುಂಬ ಆಭರಣ, ಸೀರಿ ಅಂಚು ಎಲ್ಲಾ ತೂತು ಕೊರೆದು ಮಾಡಿರ್ತಾರ, ಬೆರಳಾಡಿಸಿದ್ರ ರಾವಣ ಯಾರು ಸೀತಾ ಯಾರು ಅಂತ ತಿಳೀತೈತಿ. ಹಳೇ ಗೊಂಬಿ ಹರೀತಾವ, ಕಲಾವಿದರನ್ನ ಕೇಳಿ, ಅವ್ರು ಕೊಟ್ಟ ಗೊಂಬಿನ ಅಷ್ಟ ಮುಟ್ಟಿಸ್ರಿ.

ಉಳಿದ ಚಿಲ್ಲರೆ, ಆದ್ರ ಬಿಡೋ ಹಂಗಿಲ್ಲ

ನಾಟಕ ಮುಗಿಯೋದು ನಸುಕಿನ್ಯಾಗ. ಅಂಧರ ಬಸ್ ಪಾಸ್ ಇದ್ರೂ ಆ ಹೊತ್ತಿಗೆ ಬಸ್ ಇರ್ಬೇಕಲ್ಲ, ಮಲಗಾಕ ಜಾಗ ಮಾಡಿ ಬೆಳಿಗ್ಗಿ ಮೊದ್ಲ ಬಸ್ಸಿಗೆ ಹತ್ತಿಸ್ರಿ. ಪಾಯಖಾನಿ ಎಲ್ಲೈತಿ ಅಂತ ಹಗಲ ಹೊತ್ತಿನ್ಯಾಗ ತೋರಿಸಿಡ್ರಿ, ಹೆಣ್ಮಕ್ಕಳಿಗೆ ಜೋಡಿ ಯಾರು ಅಂತ ಗೊತ್ತು ಮಾಡ್ರಿ, ಇದೊಂದ ಕಾರಣಕ್ಕ ಪಾತ್ರ ಬ್ಯಾಡ ಅನ್ನೋರು ಅದಾರ. ಬ್ಯಾರೆ ಊರಿಂದ ಕರೆಸಿದ ಕಲಾವಿದರಿಗೆ ರೊಕ್ಕ ಕೊಡ್ತೀರಂದ್ರ ಇವ್ರಿಗೂ ಅಷ್ಟ ಕೊಡ್ರಿ, ಸೇವಾ ಅಂತ ಸಾಗಹಾಕಬ್ಯಾಡ್ರಿ. ಊರವ್ರೆಲ್ಲ ವಂತಿಗಿ ಹಾಕಿ ಆಡೋದಿದ್ರ ಇವ್ರ ಕಡೆಯಿಂದನೂ ವಂತಿಗಿ ತಗೋರಿ, ಮಾಫ್ ಮಾಡಬ್ಯಾಡ್ರಿ, ವಂತಿಗಿ ಕೊಟ್ಟವ್ನ ಮಾತಿಗೇ ಕಮಿಟಿಯಾಗ ತೂಕ.

ಇಲಾಖೆ ಕಡೆ ಹಾಲ್, ಸಹಾಯ ಕೇಳಾಕ ಅರ್ಜಿ ಬರಿಯುವಾಗ 2016ರ ಕಾಯ್ದೆಯ 29ನೇ ಕಲಂ ಹೆಸ್ರಿಸ್ರಿ, ಅಂಗವಿಕಲರು ಸಾಂಸ್ಕೃತಿಕ ಚಟುವಟಿಕಿಯಾಗ ಬ್ಯಾರೆಯವ್ರಿಗೆ ಸರಿಸಮ ಭಾಗವಹಿಸಾಕ ಸರ್ಕಾರ, ಸ್ಥಳೀಯ ಸಂಸ್ಥೆಗಳು ಅನುಕೂಲ ಮಾಡ್ಬೇಕು, ಕಲಾವಿದರಿಗೆ ನೆರವು ಕೊಡ್ಬೇಕು ಅಂತ ಅದ್ರಾಗ ಐತಿ. ಅರ್ಜಿಯಾಗ ಕಲಂ ನಂಬರ್ ಇದ್ರ ಟೇಬಲ್ ಮ್ಯಾಲಿನ ಮಾತು ಬ್ಯಾರೇನ ಆಗ್ತೈತಿ.

ಮತ್ತ ಮುಂದಿನ ವರ್ಷದ ನಾಟಕ ಯಾವುದು ಅಂತ ಆರಿಸೋ ಸಭೆಗೆ ಅವ್ರನ್ನ ಕರೀರಿ. ಕಟ್ಟಿ ಮ್ಯಾಲಿನ ಹಲಗಿಯಾಗ ಸೀಮೆಸುಣ್ಣದಿಂದ ಬರ್ದು ಇಟ್ರ ಅವ್ರಿಗೆ ತಿಳಿಯಂಗಿಲ್ಲ, ಗ್ರೂಪ್‌ನ್ಯಾಗ ನೋಟೀಸ್ ಫೋಟೋ ಹಾಕಿದ್ರೂ ತಿಳಿಯಂಗಿಲ್ಲ. ಒಂದು ಫೋನ್ ಮಾಡ್ರಿ, ಇಲ್ಲಾ ವಾಯ್ಸ್ ಹಾಕ್ರಿ: ಅಮಾಸಿ ದಿನ ಸಂಜಿ ಏಳಕ್ಕ, ಹನುಮಪ್ಪನ ಗುಡಿ ಮುಂದ.